ಆರದ ಬೆಳಕು

ಹನ್ನೆರಡು ವರ್ಷ ಮುಚ್ಚಿದ್ದ ಹಿತ್ತಲ ಬಾವಿಯ ಚಪ್ಪಡಿ ಸರಿಸಿದ ಮೇಲೆ, ಸಿಂಚನಾಳ ಅಪ್ಪ ಅವಳು ಮೆಚ್ಚಿದ ಹುಡುಗನತ್ತ ತಿರುಗಿದರು. ಪ್ರೀತಮ ಮದುವೆಯ ಮಾತಾಡಲು ಬಂದಿದ್ದ.

"ಇಳಿದು ಹೂಳು ಎಷ್ಟಿದೆ ನೋಡ್ಕೊಂಡು ಬಾರಪ್ಪ. ಆಮೇಲೆ ಮಿಕ್ಕ ಮಾತು."

ಬಾವಿಯೊಳಗೆ ಒಂದು ಕಪ್ಪೆಯ ಸದ್ದೂ ಇರಲಿಲ್ಲ. ಪ್ರೀತಮ ಬಗ್ಗಿ ನೋಡಿ ಹಿಂದೆ ಸರಿದ.

"ಮೊದಲು ದೀಪ ಇಳಿಸೋಣ ಅಂಕಲ್. ಅದು ಆರಿಹೋದ್ರೆ ಒಳಗೆ ಉಸಿರಾಡೋ ಗಾಳಿ ಇಲ್ಲ ಅಂತ."

"ಈಗಿನ ಹುಡುಗರೇ ಇಷ್ಟು! ಮೊಬೈಲಲ್ಲಿ ಹುಲಿ ಹೊಡೀತಾರೆ, ಬಾವಿ ಕಂಡ್ರೆ ಕಾಲು ಗಡಗಡ. ಹೋಗಮ್ಮ ಸಿಂಚನಾ, ದೀಪ ತಗೊಂಬಾ. ನಿನ್ನ ವೀರನಿಗೆ ಆರತಿ ಎತ್ತೋಣ."

ಸಿಂಚನಾಳ ಮುಖ ನಾಚಿಕೆಯಿಂದ ಉರಿಯಿತು. ಇವನು ಸುಮ್ಮನೆ ಇಳಿದುಬಿಡಬಾರದೇ ಎಂದುಕೊಳ್ಳುತ್ತಲೇ ದೇವರ ಮನೆಗೆ ಹೋದಳು.

ದೀಪ ಹಚ್ಚಿ ತರುವಷ್ಟರಲ್ಲಿ ಅಪ್ಪನೇ ಮೆಟ್ಟುಗಲ್ಲು ಹಿಡಿದು ಇಳಿಯುತ್ತಿದ್ದರು. ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ ಬ್ಯಾಟರಿ ಟಾರ್ಚು ಬಾವಿಯ ತಳದಲ್ಲಿ ಬೆಳಗುತ್ತಿತ್ತು.

"ಅಂಕಲ್, ಟಾರ್ಚು ಆರಲ್ಲ ಅಂಕಲ್! ಮೇಲೆ ಬನ್ನಿ!" ಪ್ರೀತಮ ಅಂಗಲಾಚುತ್ತಿದ್ದ.

"ಅದನ್ನೇ ಕಣೋ ಪುಕ್ಕಲ ನಾನೂ ಹೇಳಿದ್ದು, ಆರಲ್ಲ ಅಂತ!" ಅಪ್ಪನ ನಗು ಒಂದೊಂದೇ ಕಲ್ಲು ಕೆಳಗಿಳಿಯಿತು. "ನಿನ್ನ ವಯಸ್ಸಲ್ಲಿ ನಾವು..."

ಪ್ರೀತಮ ಅವಳ ಕೈಯಿಂದ ದೀಪ ಕಸಿದು, ಬಕೆಟ್ಟಿನಲ್ಲಿಟ್ಟು ಇಳಿಬಿಟ್ಟ. ಬಾವಿಯ ಅರ್ಧಕ್ಕೇ ಅದು ಪಕ್ಕನೆ ಆರಿತು.

"ಅಪ್ಪಾ, ದೀಪ ಆರಿತು!" ಸಿಂಚನಾ ಕಿರುಚಿದಳು.

ಕೆಳಗಿನಿಂದ ಮಾತು ಬರಲಿಲ್ಲ. ಟಾರ್ಚು ಮಾತ್ರ ಉರಿಯುತ್ತಲೇ ಇತ್ತು.