ಎಡೆಯ ತಟ್ಟೆ

ಹಿರಿಯರ ಹಬ್ಬದ ದಿನ ಸಣ್ಣಮ್ಮ ತೀರಿಹೋದ ಗಂಡನ ಫೋಟೋದ ಮುಂದೆ ಎಡೆ ಇಟ್ಟಳು. ಕಾನೂನಿನಂತೆ ಈ ವರ್ಷದಿಂದ, ಮನೆಯ ಊಟದ ಹಾಗೆ ಎಡೆಯನ್ನೂ ಮಾತಾಡುವ ತಟ್ಟೆಯಲ್ಲೇ ಇಡಬೇಕಿತ್ತು.

"ತಿನ್ನುವವರ ಹೆಸರು?" ತಟ್ಟೆ ಕೇಳಿತು.

"ಪುಟ್ಟಮಾದಯ್ಯ."

"ಕಜ್ಜಾಯ ಐದು. ಅಕ್ಕಿ ಹಿಟ್ಟು, ಬೆಲ್ಲ, ಗಸಗಸೆ, ಕರಿದ ಎಣ್ಣೆ. ಪುಟ್ಟಮಾದಯ್ಯನವರಿಗೆ ಸಕ್ಕರೆ ಕಾಯಿಲೆ ಇದೆ." ತಟ್ಟೆಯ ಮುಚ್ಚಳ ತಾನಾಗಿ ಮುಚ್ಚಿಕೊಂಡಿತು. "ತೆರೆಯಲು ಅವರ ಜವಾಬ್ದಾರಿ ಹೊತ್ತವರ ಹೆಬ್ಬೆಟ್ಟು ಬೇಕು."

"ಅವ್ರು ಹೋಗಿ ಎರಡು ವರ್ಷಾಯ್ತು ಕಣಪ್ಪ, ಇನ್ನೇನಾಗ್ಬೇಕು ಅವ್ರಿಗೆ?" ಎಂದಳು ಸಣ್ಣಮ್ಮ.

ಜವಾಬ್ದಾರಿ ಹೊತ್ತು ಸಹಿ ಮಾಡಿದವಳು ಮಗಳು ರಾಜಮಣಿ. ಬದುಕಿದ್ದ ಕೊನೆಯ ಆರು ವರ್ಷ, ಪ್ರತಿ ಹಬ್ಬದಲ್ಲೂ ಅಪ್ಪ ಅವಳನ್ನು ಕೇಳುತ್ತಿದ್ದ. "ಅದು ಹೇಳಿದ್ದೆಲ್ಲಾ ಕೇಳಿಸ್ಕಂಡೆ ಕಣವ್ವ, ಗೊತ್ತಾಯ್ತು. ಒಂದೇ ಒಂದು." ಅವಳು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದಳು.

ಈಗ ಹೆಬ್ಬೆಟ್ಟು ಒತ್ತಿದಳು. ಮುಚ್ಚಳ ತೆರೆಯಿತು.

"ಇಷ್ಟೇ ಕೆಲ್ಸನೇನವ್ವ?" ಎಂದಳು ಸಣ್ಣಮ್ಮ.

ಹಿರಿಯರು ಬಂದು ಉಣ್ಣಲೆಂದು ಇಬ್ಬರೂ ಬಾಗಿಲು ಮುಂದಕ್ಕೆ ಎಳೆದುಕೊಂಡು ಜಗಲಿಯಲ್ಲಿ ಕೂತರು. ಒಳಗಿನಿಂದ ತಟ್ಟೆಯ ದನಿ ನಿಮಿಷಕ್ಕೊಮ್ಮೆ ಕೇಳಿಸುತ್ತಿತ್ತು.

"ಪುಟ್ಟಮಾದಯ್ಯನವರೇ, ಇನ್ನು ನೀವು ತಿನ್ನಬಹುದು."