ಪಾದ್ರಿಗಳ ವಾದ

"ಯೇಸು ಆಡಿದ ಮಾತನ್ನ ಬರೆದಿಟ್ಟಿದ್ದು ಎಷ್ಟೋ ವರ್ಷ ಆದ್ಮೇಲೆ, ಒಪ್ತೀನಿ. ಆದ್ರೆ..." ಎಂದ ಪಾದ್ರಿ ದೇವಸಹಾಯರ ಮಾತು ಅಲ್ಲಿಗೇ ನಿಂತುಹೋಯಿತು. ಕಾಕ್ಸ್ ಟೌನಿನ ಚರ್ಚ್ ಹಾಲಿನಲ್ಲಿ ಜನರೆದುರು ವಾದ ನಡೆದಿತ್ತು. ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ಅದರೊಳಗೇನೋ ಬಿದ್ದುಹೋಗಿದೆ ಎಂಬಂತೆ ಅವರು ನೋಡುತ್ತಿದ್ದರು. "ಗೆದ್ರಿ ಬಿಡಿ ಮೇಷ್ಟ್ರೇ, ಮನೆಗ್ ಹೋಗೋಣ" ಎಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ಎದುರಾಳಿ ಕೆಂಪರಾಜ್ ಮೇಷ್ಟ್ರು ನಗಲಿಲ್ಲ. ಕ್ರೈಸ್ತಧರ್ಮ ಹುಟ್ಟಿದ ಬಗೆಯನ್ನು ಕುರಿತು ಈ ಇಬ್ಬರು ಗೆಳೆಯರು ಕೂದಲು ಕಪ್ಪಗಿದ್ದಾಗಿನಿಂದ ವಾದಿಸುತ್ತ ಬಂದವರು. ಬಾಯಿಂದ ಬಾಯಿಗೆ ಬಂದ ಮಾತು ಇದ್ದ ಹಾಗೇ ಉಳಿಯುವುದಿಲ್ಲ, ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳೂ ಹಾಗೆ ಬೆಳೆದ ಕಥೆಗಳೇ ಎಂದು ಮೇಷ್ಟ್ರು ಪುಸ್ತಕವನ್ನೇ ಬರೆದಿದ್ದರು. ಈಗ ಗೆಲ್ಲಲು ಸುಮ್ಮನೆ ಕೂತಿದ್ದರೆ ಸಾಕಿತ್ತು.

"ಕೆಂಪಾ, ಮುಂದಕ್ಕೇನೋ?" ಎಂದರು ದೇವಸಹಾಯರು, ಮೈಕಿನಲ್ಲೇ, ಎಲ್ಲರಿಗೂ ಕೇಳುವಂತೆ.

ಕೆಂಪರಾಜ್ ಮಂಡಿಗಳನ್ನು ಒತ್ತಿಕೊಂಡು ಎದ್ದರು. ಮೈಕನ್ನು ಗೆಳೆಯನ ಕೈಯಲ್ಲೇ ಬಿಟ್ಟು ಅದರತ್ತ ಬಾಗಿದರು. "ಆದ್ರೆ ಪ್ರೀತಿಯಿಂದ ಕೇಳಿದ ಕಿವಿ ಮರೆಯೋದಿಲ್ಲ. ಯೇಸುವಿನ ಶಿಷ್ಯರು, ಆ ಗಲಿಲಾಯದ ಬೆಸ್ತರು, ಓದಿದೋರಲ್ಲ. ಕೇಳಿದ್ದನ್ನ ದಿನಾ ಒಬ್ಬರಿಗೊಬ್ಬರು ಹೇಳ್ಕೊಂಡೇ ಬದುಕಿದ್ರು..." ಅದೇ ಏರಿಳಿತ, ಪಾದ್ರಿಗಳು ಉಸಿರು ತೆಗೆದುಕೊಳ್ಳುತ್ತಿದ್ದ ಅದೇ ಜಾಗಗಳು. ದೇವಸಹಾಯರು ಕಣ್ಣು ಮುಚ್ಚಿ, ತುಟಿಯಲ್ಲೇ ಜೊತೆಗೂಡಿ, ಕೊನೆಯವರೆಗೂ ತಲೆದೂಗಿದರು.

"ಒಂದು ಮಾತೂ ಬಿಡ್ಲಿಲ್ವಲ್ಲೋ" ಎಂದು ಮೇಷ್ಟ್ರ ಕೈ ತಟ್ಟಿದರು. "ಹೂಂ, ಈಗ ನಿಂದು ಹೇಳು."

"ಬಾಯಿಂದ ಬಾಯಿಗೆ ಬಂದ ಮಾತು..." ಎಂದು ಶುರುಮಾಡಿದ ಕೆಂಪರಾಜ್, ತಾವೀಗ ಒಪ್ಪಿಸಿದ್ದು ನೆನಪಾಗಿ ನಕ್ಕು, ಗೆಳೆಯನ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟರು.