ನಡುವೆ ತಂತಿಯಿಲ್ಲ

"ಅಪ್ಪ, ಕೈ ತೆಗಿ!"

ಸಂಹಿತಾ ಅಪ್ಪನ ಮಣಿಕಟ್ಟು ಹಿಡಿದು ಎಳೆದಳು. ನರೇಂದ್ರನ ಬೆರಳುಗಳಲ್ಲಿ ತುದಿ ಸುಲಿದ ತಂತಿಯ ತುಂಡೊಂದಿತ್ತು. ಮಂಚದ ಮೇಲೆ ಅಮ್ಮ, ಚೂಡಾಮಣಿ, ಕಣ್ಣು ತೆರೆದೇ ಮಲಗಿದ್ದಳು. ಕಾಯಿಲೆಯಿಂದ ಕೈಕಾಲು, ನಾಲಿಗೆ ಎಲ್ಲ ನಿಂತು, ಈಗ ಆಕೆಯ ಮಾತು ಕೇಳುವುದು ಬಲಗೆನ್ನೆಯೊಂದೇ. ಅಲ್ಲಿ ಅಂಟಿಸಿದ ಪಟ್ಟಿಯಿಂದ ಮಗಳು ಮಾಡಿದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಗೋಡೆಯ ಬೆಲ್ಲಿಗೆ ದಾರಿ. ಕೆನ್ನೆ ಒಮ್ಮೆ ಬಿಗಿದರೆ ಒಂದು ಸದ್ದು: ಹೂಂ. ಎರಡಾದರೆ: ಬೇಡ. ಬೆಳಿಗ್ಗೆ ಗಿರಿನಗರದಲ್ಲೆಲ್ಲ ಕರೆಂಟು ಹೋಗಿ ಬಂದಾಗಿನಿಂದ ಬೆಲ್ಲು ಸತ್ತಿತ್ತು.

"ಪೆಟ್ಟಿಗೇಲಿರೋ ಚಿಪ್ ಸುಟ್ಟೋಗಿದೆ ಅಂದ್ಯಲ್ಲೇ. ಆ ಕಡೇದು ಈ ಕಡೇದು ಸೇರಿಸಿಬಿಟ್ರೆ ಆಯ್ತಪ್ಪ. ಎಷ್ಟು ಫ್ಯೂಸ್ ಕಟ್ಟಿಲ್ಲ ನಾನು!"

"ಸೇರಿಸು. ಮನೆ ಕರೆಂಟು ನೇರ ಅಮ್ಮನ ಕೆನ್ನೆಗೆ ಬರತ್ತೆ. ಅದಕ್ಕೇ ಮಧ್ಯೆ ತಂತೀನೇ ಇಡಲ್ಲ. ಆ ಚಿಪ್ಪೊಳಗೆ ಅಮ್ಮನ ಕಡೆ ಒಂದು ದೀಪ, ಬೆಲ್ಲಿನ ಕಡೆ ಅದನ್ನ ನೋಡೋ ಒಂದು ಕಣ್ಣು. ದಾಟೋದು ಬೆಳಕು ಮಾತ್ರ."

ನರೇಂದ್ರ ಗಡಿಯಾರ ನೋಡಿದ. ಗಂಟಲಲ್ಲಿ ತೂತು ಮಾಡಿ ಉಸಿರಿನ ಯಂತ್ರ ಜೋಡಿಸಲು ಆಸ್ಪತ್ರೆಯಲ್ಲಿ ಜಾಗ ಹಿಡಿದಿಟ್ಟಿದ್ದರು. ಚೂಡಾಮಣಿಯವರನ್ನೇ ಕೇಳಿ ಮಧ್ಯಾಹ್ನದೊಳಗೆ ತಿಳಿಸಿ ಎಂದಿದ್ದರು ಡಾಕ್ಟರು.

"ಹೂಂ ಅಂತ ನಾನೇ ಹೇಳಿಬಿಡ್ತೀನಿ. ಇಷ್ಟು ವರ್ಷ ಜೊತೇಲಿದೀನಿ, ಅವಳ ಮನಸ್ಸು ನಂಗೊತ್ತಿಲ್ವಾ?"

"ನಿಂಗೆ ಅವಳು ಕಾಫಿಗೆ ಸಕ್ಕರೆ ಬಿಟ್ಟಿದ್ದೇ ಗೊತ್ತಿರ್ಲಿಲ್ಲ. ಸುಮ್ನಿರು ಸ್ವಲ್ಪ."

ಹೊಸ ಚಿಪ್ ಹುಡುಕಿಕೊಂಡು ಸಾರಕ್ಕಿಯ ಅಂಗಡಿಯವರೆಗೆ ಹೋಗಿ ಬರಲು ಹೊತ್ತಿರಲಿಲ್ಲ. ಸುಟ್ಟದ್ದನ್ನು ಕಿತ್ತಳು. ಬೆಲ್ಲಿನ ತಂತಿಗಳನ್ನೂ ಕಿತ್ತೆಸೆದಳು. ಹಳೆಯ ಆಟಿಕೆಯೊಂದರ ಪುಟ್ಟ ಕೆಂಪು ದೀಪವನ್ನು ಆ ಜಾಗಕ್ಕೆ ಬೆಸೆದಳು.

"ಇದು ಅಮ್ಮನ ಕಡೆ ದೀಪ. ಬರೀ ಬ್ಯಾಟರಿ, ಏನೂ ಆಗಲ್ಲ. ಈ ಕಡೆ ಕಣ್ಣು ನೀನೇ ಆಗು."

ಬೆಳಗಿನಿಂದ ಒಂದೇ ಸಮನೆ ಮಾತಾಡುತ್ತಿದ್ದವನು ಸ್ಟೂಲಿನ ಮೇಲೆ ಕೂತು ಪೆಟ್ಟಿಗೆಯತ್ತ ಬಾಗಿದ.

"ಚೂಡಿ, ಆಸ್ಪತ್ರೆಗೆ ಹೋಗೋಣ ಕಣೆ. ಉಸಿರು ಸಲೀಸಾಗತ್ತಂತೆ. ಇನ್ನೂ ಎಷ್ಟೋ ವರ್ಷ ಇರ್ಬೋದಂತೆ. ಹೂಂ ಅನ್ನು."

ದೀಪ ಮಿನುಗಿತು. ಅವನು ತಲೆಯೆತ್ತುವಷ್ಟರಲ್ಲಿ ಇನ್ನೊಮ್ಮೆ ಮಿನುಗಿತು.

"ಲೂಸ್ ಕಾಂಟ್ಯಾಕ್ಟು. ನೋಡೇ ಸ್ವಲ್ಪ."

ಸಂಹಿತಾ ಬೆಸುಗೆಯನ್ನು ಉಗುರಿನಿಂದ ಒತ್ತಿ ನೋಡಿದಳು. ಎಲ್ಲಾದರೂ ಸಡಿಲವಾಗಿದ್ದೀತು ಎಂದು ಅವಳೂ ಆಸೆಪಟ್ಟಳು. ಗಟ್ಟಿಯಾಗಿಯೇ ಇತ್ತು.

ಕಿಟಕಿಯ ಬಿಸಿಲು ಬೀಳದಂತೆ ನರೇಂದ್ರ ಎರಡೂ ಅಂಗೈಗಳನ್ನು ದೀಪದ ಸುತ್ತ ಮರೆ ಮಾಡಿದ.

"ನಾನು ನೋಡ್ಕೋತೀನಿ ಕಣೆ. ಒಂದೇ ಸಲ. ಒಂದೇ ಸಲ ಸಾಕು."

ಅಂಗೈಗಳು ಕೆಂಪಾದವು. ಕಪ್ಪಾದವು. ಮತ್ತೆ ಕೆಂಪಾದವು.